ಸಹಿ ಹಾಕಿದ್ದು ಹರಿಹರದಲ್ಲಿ

ಹದಡಿ
೯-೨-೨೦೨೫

ಪೂಜಾಳ ಅಪ್ಪನವರಿಗೆ, ಕೋಪ ಇಳಿಯದೆಯೇ ಪದ್ಮಶ್ರೀ ಮಾಡುವ ನಮಸ್ಕಾರ.

ನಾನು ತವರಿಗೆ ಬಂದು ತಿಂಗಳಾಯಿತು. ನೀವು ಬರಲಿಲ್ಲ, ನಿನ್ನೆ ನಿಮ್ಮ ವಕೀಲ ಬಸವಕಿರಣ್ ಬಂದರು. ಅವ್ವ ಚಹಾ ಕೊಟ್ಟಳು, ನಾನು ಮುಖ ಕೊಡಲಿಲ್ಲ.

ನಿಮ್ಮ ಕಾಲೇಜಿನ ಗೆಳತಿ ಅಂಬಿಕಾಳ ಗಾರ್ಮೆಂಟ್ ಸಾಲಕ್ಕೆ ನೀವು ಜಾಮೀನು ನಿಂತಿರಿ. ಅವಳು ಕಂತು ಕಟ್ಟಲಿಲ್ಲ, ಫೈನಾನ್ಸಿನವರು ದಾವಣಗೆರೆ ಕೋರ್ಟಿನಲ್ಲಿ ನಿಮ್ಮ ಮೇಲೆ ದಾವೆ ಹಾಕಿದರು. ಅಷ್ಟು ನನಗೂ ಗೊತ್ತು. ಈಗ ನಿಮ್ಮ ತಕರಾರೇನಪ್ಪಾ ಅಂದರೆ, ಸಹಿ ಹಾಕಿದ್ದು ಹರಿಹರದಲ್ಲಿ, ಸಹಿಯಾದ ಊರಿನ ಕೋರ್ಟೇ ಅಂತ ಜಾಮೀನು ಪತ್ರದಲ್ಲಿದೆ, ಈ ಕೋರ್ಟಿಗೆ ಅಧಿಕಾರವೇ ಇಲ್ಲ, ಕೇಸು ಅಲ್ಲಿಗೇ ಹೋಗಬೇಕು. ಫೈನಾನ್ಸಿನವರು ನಮ್ಮ ದಾವಣಗೆರೆ ಆಫೀಸಿನಲ್ಲೇ ಹಾಕಿದ್ದು ಅನ್ನುತ್ತಾರಂತೆ. ಕೇಸು ಹರಿಹರಕ್ಕೆ ಹೋದರೆ ಮೊದಲಿಂದ ಶುರು, ಅಷ್ಟರೊಳಗೆ ಶಾಮನೂರಿನ ಸೈಟು ಮಾರಿ ಸಾಲ ತೀರಿಸಿ ನಿಟ್ಟುವಳ್ಳಿಯ ನಮ್ಮ ಮನೆ ಉಳಿಸಿಕೊಳ್ಳಬಹುದಂತೆ.

ಹರಿಹರದಲ್ಲಿ ಎಲ್ಲಿ ಅಂತ ಕೇಳಿದೆ. ವಕೀಲರು ಕೆಮ್ಮಿದರು. ಅಂಬಿಕಾ ಅವರ ಮನೆಯಾಗ್ರಿ, ಆಚೆ ವರ್ಷ ಶ್ರಾವಣದ ಕಡೇ ಸೋಮವಾರ, ಊಟ ಆದ ಮ್ಯಾಲೆ ಅಂದರು.

ಊಟ! ಶ್ರಾವಣ ಸೋಮವಾರ ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟದವರು ನೀವು. ನನ್ನ ತಂಗಿ ಒಂದು ಲೋಟ ಹಾಲು ಕೊಟ್ಟರೂ ಇವತ್ತು ಸೋಮವಾರ ಐತವ್ವ ಅಂತ ಎದ್ದು ಬಂದಿದ್ದಿರಿ. ಅವಳ ಮನೆಯಲ್ಲಿ ಪೂಜೆಗೆ ನೀರು ಇಟ್ಟುಕೊಟ್ಟವರು ಯಾರು? ಅವಳೇನಾ? ಪತ್ರೆಯನ್ನೂ ತಂದುಕೊಟ್ಟಳಾ? ಜಾಮೀನು ಹಾಳಾಗಿ ಹೋಗಲಿ, ಇದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ಹೌದು, ಹೊಟ್ಟೆಕಿಚ್ಚೇ. ಏನೀಗ?

ಆವತ್ತು ನೀವು ಅಲ್ಲಿದ್ದಿರಿ ಅನ್ನುವುದಕ್ಕೆ ಸಾಕ್ಷಿಗೆ ನಾನೇ ಬೇಕಂತೆ. ಗಂಡ ಇನ್ನೊಬ್ಬಳ ಮನೆಯಾಗಿದ್ದ ಅಂತ ಯಾವ ಹೆಂಡ್ತಿ ಸುಳ್ಳು ಹೇಳ್ತಾಳ್ರಿ, ಜಡ್ಜು ನಂಬೇ ನಂಬ್ತಾರೆ ಅಂದರು. ಎಂಥಾ ಜಾಣತನ ನೋಡಿ! ಅವ್ವ ಒಳಗಿನಿಂದಲೇ, ಮೊದ್ಲು ಮನಿ ಉಳಿಸ್ಕಳವ್ವ, ಮಾನ ಆಮ್ಯಾಲೆ ನೋಡನ ಅಂದಳು. ಆ ಮನೆ ಕಟ್ಟುವಾಗ ಬೆಳಿಗ್ಗೆ ಸಂಜೆ ಪೈಪು ಹಿಡಿದು ಗೋಡೆಗೆ ನೀರುಣಿಸಿದವಳು ನಾನು. ಆದರೂ ಊರೆದುರು ನಿಂತು ಆ ಮಾತು ಆಡಲಾರೆ. ಆವತ್ತು ಸೈಟು ನೋಡಲು ಶಾಮನೂರಿಗೆ ಹೋಗಿದ್ದೆ ಅಂತ ನೀವು ನನಗೆ ಹೇಳಿದ್ದಿರಲ್ಲ, ಅದೇ ಇರಲಿ. ನಾನು ಬರುವುದಿಲ್ಲ.

ಬಿಪಿ ಮಾತ್ರೆ ಮರೆಯಬೇಡಿ.

ಇನ್ನೂ ನಿಮ್ಮವಳೇ ಆಗಿರುವ,
ಪದ್ಮಶ್ರೀ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮನಸ್ಸು ಬದಲಾಯಿತು. ಸಾಕ್ಷಿಗೆ ಬರುತ್ತೇನೆ, ಮನೆ ಉಳಿಯಲಿ. ಸುಳ್ಳು ಹೇಳುವ ಕಷ್ಟವೂ ನನಗಿಲ್ಲ. ಆ ಸೋಮವಾರ ನಿಮ್ಮ ಹಿಂದಿನ ಬಸ್ಸಿನಲ್ಲೇ ನಾನೂ ಹರಿಹರಕ್ಕೆ ಬಂದಿದ್ದೆ. ಅವಳ ಮನೆಯ ಕಿಟಕಿ ತೆರೆದಿತ್ತು. ಅವಳು ಎರಡನೇ ಸಲ ರೊಟ್ಟಿ ಹಾಕಲು ಬಂದಾಗ ನೀವು ಬ್ಯಾಡ ಅನ್ನಲಿಲ್ಲ.