ಫರ್ಮೀನನ ಫಲಕ, ನನ್ನ ನಾಲ್ಕು ಬ್ಯಾಟರಿ

ಟಾವೋಸ್ ಬಯಲು, ನ್ಯೂ ಮೆಕ್ಸಿಕೊ
ಅಕ್ಟೋಬರ್ ಮೂರು, ಬಿಸಿಲು ಭರ್ಜರಿ

ಕೋಪದಲ್ಲೂ ಚೆಂದ ಕಾಣುವ ನನ್ನ ಕಾರ್ಲೋಟಾಳಿಗೆ,

ನೀನು ಎಸ್ಪನೋಲಾಕ್ಕೆ, ತಂಗಿಯ ಮನೆಗೆ ಹೊರಟುಹೋಗಿ ಹತ್ತೊಂಬತ್ತು ದಿನ. ಅಲ್ಲಿ ಕಂಬದಿಂದ ಕರೆಂಟು ಬರುತ್ತದೆ. ಸ್ವಿಚ್ ಒತ್ತುವ ಮುಂಚೆ ಯಾರೂ ನಮ್ಮಂತೆ ಬಿಸಿಲಿದೆಯೇ ಎಂದು ಆಕಾಶ ನೋಡುವುದಿಲ್ಲ. ಎಂಥ ಅಶಿಸ್ತಿನ ಜನ!

ಇಲ್ಲಿ, ವರ್ಷಕ್ಕೆಂದು ಸುಟ್ಟು ಫ್ರೀಜರಿನಲ್ಲಿಟ್ಟಿದ್ದ ನಲವತ್ತು ಪುಟ್ಟ ಚೀಲ ಮೆಣಸಿನಕಾಯಿ ಕರಗಿ ಕೊಳೆತ ದುರಂತದ ಬಗ್ಗೆ ವಿಚಾರಣಾ ಆಯೋಗ ಕೂತಿತ್ತು. ಅಧ್ಯಕ್ಷೆ, ಪಕ್ಕದ ಟ್ರೇಲರ್ ಮನೆಯ ವಿಲ್ಮಾ. ಅರ್ಹತೆ, ಆಕೆಯ ಬಳಿ ಕರೆಂಟು ಅಳೆಯುವ ಮೀಟರ್ ಇದೆ. ಸದಸ್ಯ, ನಮ್ಮ ನಾಯಿ. ಆರೋಪಿ ಯಾರೆಂದು ಬೇರೆ ಹೇಳಬೇಕೆ?

ನನ್ನ ಹೇಳಿಕೆ ನಿನಗೆ ಗೊತ್ತೇ ಇದೆ. "ನಿನ್ನ ಮೊದಲ ಗಂಡನ ಸೋಲಾರ್ ಫಲಕ ಮುದಿಯಾಗಿದೆ, ಹೊಸ ಮೂರನ್ನೂ ಹಿಂದಕ್ಕೆ ಎಳೀತಿದೆ" ಅಂದು ಅದನ್ನು ಸೂರಿನಿಂದ ಇಳಿಸಿದೆ. ನೀನು ಬಟ್ಟೆ ಚೀಲ ತುಂಬುತ್ತಾ, "ಫರ್ಮೀನ್ ಸತ್ತು ಆರು ವರ್ಷ ಆಯ್ತು. ಅವನ ಮೇಲೇ ಚಾಡಿ ಹೇಳ್ತೀಯಲ್ಲೋ" ಅಂದೆ. ಆಮೇಲೆ ಕಾರಿನ ಬಾಗಿಲ ಸದ್ದು.

ವಿಲ್ಮಾ ಫಲಕ ಅಳೆದಳು. ಸ್ವಲ್ಪ ಎಳೆಯುತ್ತಿದ್ದದ್ದು ನಿಜ, ಆದರೆ ಚಮಚದಷ್ಟು. ಆಮೇಲೆ ಬ್ಯಾಟರಿ ಪೆಟ್ಟಿಗೆ ತೆರೆದಳು. ನಿನ್ನ ಹೊಸ ಬ್ಯಾಟರಿಗಳ ಜೊತೆ, ಮದುವೆಗೆ ನಾನು ವರದಕ್ಷಿಣೆಯಾಗಿ ತಂದ ಗಾಲ್ಫ್ ಗಾಡಿಯ ಹಳೇ ಬ್ಯಾಟರಿಗಳು, ನಾಲ್ವರು ಮುದುಕರು, ಹೊಟ್ಟೆ ಊದಿಸಿಕೊಂಡು ಕೂತಿದ್ದರು.

"ಲೋ ಎಲಾಯ್, ಇದ್ಯಾವೋನೋ ಇವನ್ನ ಒಟ್ಟಿಗೆ ಕಟ್ಟಿದ್ದು?"

"ನಾನೇ."

"ಮುದಿ ಎತ್ತನ್ನ ಹೋರಿ ಜೊತೆ ನೊಗಕ್ಕೆ ಹೂಡಿದ್ರೆ ಮುದಿ ಎತ್ತು ಓಡುತ್ತೇನೋ? ಹೋರೀನೂ ಮಲಗುತ್ತೆ! ಫಲಕ ಚಮಚ ಕುಡಿದ್ರೆ ಇವು ಬಕೆಟ್ಟೇ ಕುಡಿದಿವೆ. ನಲವತ್ತು ಚೀಲ ಮೆಣಸಿನಕಾಯಿ ಕೊಂದ ಪಾಪಿ ನೀನು!"

ನಾಯಿ ಬಾಲ ಅಲ್ಲಾಡಿಸಿ ತೀರ್ಪನ್ನು ಅನುಮೋದಿಸಿತು.

ಈಗ ನನ್ನ ಮುದುಕರು ಶೆಡ್ಡಿಗೆ ವರ್ಗವಾಗಿದ್ದಾರೆ. ಉಳಿದ ಆಯುಷ್ಯದಲ್ಲಿ ನನ್ನ ರೇಡಿಯೋ ಹಾಡಿಸಿದರೆ ಸಾಕು. ಫರ್ಮೀನನ ಫಲಕ ಮತ್ತೆ ಸೂರಿನ ಮೇಲಿದೆ. ಅದಕ್ಕೆ ಬೇರೆ ತಂತಿ, ಚಾರ್ಜು ಹಿಡಿತದಲ್ಲಿಡುವ ಬೇರೆ ಪುಟ್ಟ ಕಂಟ್ರೋಲರ್ ಹಾಕಿದ್ದೇನೆ. ಅದು ಯಾರನ್ನೂ ಎಳೆಯುವುದಿಲ್ಲ, ಅದನ್ನೂ ಯಾರೂ ಎಳೆಯುವುದಿಲ್ಲ. ಅದು ದುಡಿದದ್ದು ಮಾತ್ರ ನಿನ್ನ ಬ್ಯಾಟರಿಗೇ ಸೇರುತ್ತದೆ. ಹಳೇ ಗಂಡನ ಪಾದವೇ ಗತಿ ಅನ್ನುವುದು ಹೊಸ ಗಂಡನಿಗೂ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಫ್ರೀಜರ್ ಒಂದು ವಾರದಿಂದ ಕಲ್ಲಿನಂತೆ ತಣ್ಣಗಿದೆ, ಖಾಲಿ ಇದೆ. ಹೆದ್ದಾರಿ ಪಕ್ಕ ಮೆಣಸಿನಕಾಯಿ ಸುಡುವವರು ಶನಿವಾರ ಹಂಗಾಮು ಮುಗಿಸಿ, ಸುಡುವ ಡ್ರಮ್ಮು ಕಟ್ಟಿಟ್ಟು ಹೊರಡುತ್ತಾರೆ. ಕೊನೆಯ ಎರಡು ಮೂಟೆ ನಮ್ಮ ಹೆಸರಿಗೆ ಹೇಳಿಟ್ಟಿದ್ದೇನೆ. ಬಿಸಿ ಆರುವ ಮುಂಚೆ ಸಿಪ್ಪೆ ಬಿಡಿಸಬೇಕು, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗೆಂದು ಕರೆಯುತ್ತಿದ್ದೇನೆಂದು ತಿಳಿಯಬೇಡ. ಕರೆಯುತ್ತಿದ್ದೇನೆ.

ಶೆಡ್ಡಿಗೆ ವರ್ಗವಾಗಲೂ ಸಿದ್ಧನಿರುವ,
ನಿನ್ನ ಎಲಾಯ್

ತಾ.ಕ.: ಆಯೋಗಕ್ಕೆ ಹೇಳದ ಒಂದು ಮಾತು. ಫಲಕ ಇಳಿಸಿದ ದಿನವೇ ನನ್ನ ಬ್ಯಾಟರಿ ಊದಿದ್ದನ್ನು ನೋಡಿದ್ದೆ. ನೀನು ದಿನಾ ಬೆಳಿಗ್ಗೆ ಮೊದಲು ಆ ಫಲಕದ ಧೂಳು ಒರೆಸಿ, ಆಮೇಲೆ ನನಗೆ ಕಾಫಿ ಇಡುತ್ತಿದ್ದೆಯಲ್ಲ, ಅದಕ್ಕೇ ತಪ್ಪನ್ನು ಅದರ ಮೇಲೆ ಹೊರಿಸಿದೆ. ಈ ವಾರ ನಾನೇ ಏಣಿ ಹತ್ತಿ ಒರೆಸುತ್ತಿದ್ದೇನೆ. ಒಳ್ಳೆ ಫಲಕ ಕಣೆ. ಕಾಫಿ ಮಾತ್ರ ನನ್ನ ಕೈಯಲ್ಲಿ ಸರಿಯಾಗುತ್ತಿಲ್ಲ.