ಅಣ್ಣನ ಅಭ್ಯರ್ಥಿಗೆ ಬೀಳದ ವೋಟು

ಕುರುಗೋಡು
ಜನವರಿ ೧೯೫೨

ಅಣ್ಣ ಎರ್ರೆಪ್ಪನಿಗೆ ಉಚ್ಚೆಂಗೆಮ್ಮನ ನಮಸ್ಕಾರ.

ನೀನು ಬಳ್ಳಾರಿಯಿಂದ ಕಳಿಸಿದ ಕರಪತ್ರ ಓದಿದೆ. ನಿನ್ನ ಅಭ್ಯರ್ಥಿ ಹೇಳುವ ಆರೋಗ್ಯ ವಿಮೆ ಒಳ್ಳೆಯದೇ. ಗಿರಣಿ ಕೆಲಸಗಾರರ ಕೂಲಿಯಲ್ಲಿ ಸ್ವಲ್ಪ ಹಿಡಿದು, ಧಣಿಯೂ ಸ್ವಲ್ಪ ಸೇರಿಸಿದರೆ, ಕಾಯಿಲೆ ಬಿದ್ದಾಗ ಔಷಧಿ ಸಿಗುತ್ತದೆ. ಆದರೆ ಹತ್ತಿ ಬಿಡಿಸುವ ನಮಗೆ ದಿನಕ್ಕೊಬ್ಬ ಧಣಿ. ನಮ್ಮ ಪಾಲಿಗೆ ಯಾರು ಸೇರಿಸುತ್ತಾರೆ? ಇನ್ನೊಬ್ಬ ಅಭ್ಯರ್ಥಿ, ಮದರಾಸಿನ ಶಾಸನಸಭೆಯಲ್ಲಿ ಕಾಯ್ದೆ ಮಾಡಿಸಿ ನಮ್ಮೂರಿಗೇ ಹೆರಿಗೆ ನರ್ಸನ್ನು ತರುತ್ತೇನೆ ಎಂದರು.

ಮೊನ್ನೆ ವೋಟಿನ ಕೋಣೆಯಲ್ಲಿ ನೀನು ನೆನಪಾಗಿ ನಿನ್ನವರ ಪೆಟ್ಟಿಗೆಗೆ ಕೈಮುಗಿದೆ. ಚೀಟಿಯನ್ನು ಮಾತ್ರ ಪಕ್ಕದಲ್ಲಿದ್ದ, ನರ್ಸನ್ನು ತರುತ್ತೇನೆ ಎಂದವರ ಪೆಟ್ಟಿಗೆಗೆ ಹಾಕಿದೆ.

ಮಗಳು ಈರಮ್ಮ ಹುಟ್ಟಿ ನನಗೆ ನಂಜೇರಿದಾಗ ಬಳ್ಳಾರಿಯವರೆಗೆ ಗಾಡಿ ಹೊಡೆದವನು ನೀನು. "ಕಣ್ ಮುಚ್ಚಬ್ಯಾಡವ್ವಾ, ದವಾಖಾನಿ ಇಲ್ಲೇ ಐತಿ" ಎನ್ನಲು ನೀನು ನಮ್ಮೂರು ದಾಟುವ ಮೊದಲೇ ಶುರು ಮಾಡಿದ್ದೆ. ನೀನಿಲ್ಲದಿದ್ದರೆ ನಿನ್ನವರ ವಿರುದ್ಧ ವೋಟು ಹಾಕಲು ನಾನೇ ಇರುತ್ತಿರಲಿಲ್ಲ. ಅದನ್ನು ಮರೆಯುವವಳಲ್ಲ.

ಈಗ ಅದೇ ಈರಮ್ಮ ಬಸುರಿ, ಒಂಬತ್ತು ತಿಂಗಳು ತುಂಬಿದೆ. ಯಾರು ಗೆದ್ದರೂ ನರ್ಸು ಅಷ್ಟರಲ್ಲಿ ಬರುವುದಿಲ್ಲ. ಸಿಟ್ಟು ಇಳಿದ ಮೇಲೆ ಗಾಡಿ ಕಟ್ಟಿಕೊಂಡು ಬಾ. ಇಳಿಯದಿದ್ದರೂ ಬಾ.

ನಿನ್ನಿಂದ ಉಳಿದ ತಂಗಿ,
ಉಚ್ಚೆಂಗೆಮ್ಮ