ಅಮ್ಮನ ಕೈಗಂಟೆ

ಅಣ್ಣಾ,

ಡ್ಯೂಟಿಗೆ ಹೊರಟೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊ.

ಅಮ್ಮನ ಮಂಚ ಒಯ್ಯಲು ಚರ್ಚಿನವರು ಇವತ್ತು ಮತ್ತೆ ಬರುತ್ತಾರೆ. ಹೋದ ಸಲದ ಹಾಗೆ ಚಿಲಕ ಹಾಕಿಕೊಂಡು ಕೂರಬೇಡ. ಮಂಚ ಅವರದು, ಅದಕ್ಕಾಗಿ ಇನ್ನೊಂದು ಮನೆಯಲ್ಲಿ ಕಾಯಿಲೆಯವರು ಕಾಯುತ್ತಿದ್ದಾರೆ. ಹೊದಿಕೆ ಒಗೆದಿಟ್ಟಿದ್ದೇನೆ, ಅದನ್ನೂ ಕೊಡು.

ಅಮ್ಮ ನಮ್ಮನ್ನು ಕರೆಯಲು ಬಾರಿಸುತ್ತಿದ್ದ ಕೈಗಂಟೆ ಮಾತ್ರ ನಮ್ಮದು. ಅದು ಇರಲಿ.

ನಿನ್ನೆ ಗಂಟೆ ಕೇಳಿಸಿತೆಂದು ಎಂಜಲು ಕೈಯಲ್ಲೇ ಅವಳ ಕೋಣೆಗೆ ಓಡಿದೆಯಲ್ಲ, "ಅಮ್ಮನ್ನ ದೇವರು ಕರಕೊಂಡಾಯ್ತು, ಒಪ್ಕೋ, ಹುಚ್ಚನ ಹಾಗೆ ಆಡ್ಬೇಡ" ಅಂತ ನಾನು ರೇಗಿಬಿಟ್ಟೆ. ಆ ಗಂಟೆ ಬಾರಿಸಲು ಸಾಧ್ಯವೇ ಇಲ್ಲ ಅಣ್ಣಾ. ಮಣ್ಣು ಮಾಡಿದ ಮರುದಿನವೇ ಅದರ ನಾಲಿಗೆ ಬಿಚ್ಚಿ ಅಂಗಿ ಗುಂಡಿಗಳ ಡಬ್ಬಿಗೆ ಹಾಕಿದ್ದೇನೆ.

ಆದರೂ ನಿನ್ನೆ ನನಗೂ ಕೇಳಿಸಿತು. ಅಡುಗೆಮನೆಯಲ್ಲಿ ನಾನೂ "ಬಂದೆ ಅಮ್ಮಾ" ಅಂದಿದ್ದೆ.

ಇವತ್ತು ಕೇಳಿಸಿದರೆ ಓಡಬೇಡ. ಇದ್ದಲ್ಲೇ ಕೂತು, "ಕರ್ತನೇ, ನಿನ್ನ ಚಿತ್ತದಂತೆಯೇ ಆಗಲಿ. ಇನ್ನು ಅಮ್ಮ ಕರೆದರೆ ನೀನೇ ಹೋಗು" ಅಂತ ಹೇಳು.

ನನ್ನ ಪರವಾಗಿಯೂ ಹೇಳಿಬಿಡು. ನನಗಿನ್ನೂ ಬಾಯಿ ಬರುತ್ತಿಲ್ಲ.